ಉಣ್ಣೆಯ ಪ್ಯಾಂಟು ಮತ್ತು ಐಸಿನ ಕೋಣೆ

ಕಾರವಾರದ ಮನೆಗಳಲ್ಲಿ ಛತ್ರಿ ಎಷ್ಟು ಬೇಕಾದರೂ ಸಿಗುತ್ತದೆ, ಸ್ವೆಟರ್ ಸಿಗುವುದಿಲ್ಲ. ಬೇಸಿಗೆ ರಜೆಯಲ್ಲಿ ಮನಾಲಿಗೆ ಹೋಗುವುದೆಂದು ನಾನೂ ನನ್ನ ಹೆಂಡತಿಯೂ ತೀರ್ಮಾನ ಮಾಡಿ, ಟಿಕೆಟ್ಟನ್ನೂ ತೆಗೆಸಿ, ಆಮೇಲೆ ಕಪಾಟು ತೆರೆದು ನೋಡಿದಾಗ ಈ ಸಂಗತಿ ಗೊತ್ತಾಯಿತು. ಕೋಡಿಬಾಗದ ನಮ್ಮ ಮನೆಯಲ್ಲಿ ಬೆಚ್ಚಗಿನ ಬಟ್ಟೆ ಎಂದು ಕರೆಯಬಹುದಾದದ್ದು ಎರಡೇ. ಒಂದು, ಯಾವುದೋ ಸಮಾರಂಭದಲ್ಲಿ ನನಗೆ ಹೊದೆಸಿದ ಶಾಲು. ಇನ್ನೊಂದು, ಇಸ್ತ್ರಿ ಮಾಡುವಾಗ ಮೇಜಿನ ಮೇಲೆ ಹಾಸುವ ಕಂಬಳಿ. ಕಂಬಳಿಯ ನಟ್ಟನಡುವೆ ಇಸ್ತ್ರಿಪೆಟ್ಟಿಗೆಯದೇ ಆಕಾರದ ತೂತಿತ್ತು.

ನಮಗೆ ಚಳಿ ಗೊತ್ತಿಲ್ಲವೆಂದಲ್ಲ. ಹುಬ್ಬಳ್ಳಿಯ ಬಸ್ಸು ಸುಂಕಸಾಳ ದಾಟಿ ಘಟ್ಟ ಹತ್ತತೊಡಗಿದರೆ ಸಾಕು, ಕರಾವಳಿಯವರೆಲ್ಲ ಕಿಟಕಿ ಎಳೆದುಕೊಂಡು, ಕಿವಿಗೆ ಟವೆಲ್ ಸುತ್ತಿಕೊಂಡು ಗಂಭೀರವಾಗಿಬಿಡುತ್ತೇವೆ. ಯಲ್ಲಾಪುರದಲ್ಲಿ ಇಳಿದು ಚಾ ಕುಡಿಯುವಾಗ "ಎಂತಾ ಥಂಡಿ ಮಾರಾಯಾ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳದಿದ್ದರೆ ಆ ಪ್ರಯಾಣ ಲೆಕ್ಕಕ್ಕಿಲ್ಲ. ಅದೇ ಹೊತ್ತಿಗೆ ಅಲ್ಲಿಯ ಜನ ಬನಿಯನ್ನಿನಲ್ಲಿ ಓಡಾಡುತ್ತಿರುತ್ತಾರೆ, ಅದು ಬೇರೆ ಮಾತು.

ಮನಾಲಿಯ ಆಸೆ ಮೊದಲು ಹುಟ್ಟಿದ್ದು ನನಗಲ್ಲ, ನನ್ನ ತಾಯಿಗೆ. ಆಯಿ ಅಂಕೋಲೆಯ ಕಡೆಯವಳು, ಮದುವೆಯಾಗಿ ಕಾರವಾರಕ್ಕೆ ಬಂದವಳು, ಮಂಡಿ ಕೈಕೊಡುವವರೆಗೂ ಮೀನು ಪೇಟೆಯಲ್ಲಿ ಕೂತು ವ್ಯಾಪಾರ ಮಾಡಿದವಳು. ಆಕೆಯ ಅರ್ಧ ಆಯುಷ್ಯ ಪುಡಿ ಮಾಡಿದ ಐಸಿನೊಳಗೆ ಕೈ ಹಾಕುವುದರಲ್ಲಿ ಕಳೆದಿದೆ. ಒಂದು ಸಂಜೆ ಟಿವಿಯಲ್ಲಿ ಹಿಮದ ಗುಡ್ಡ ತೋರಿಸುತ್ತಿದ್ದರು. ಆಯಿ ಬಾಯಲ್ಲಿದ್ದ ಎಲೆಅಡಿಕೆಯನ್ನು ಮರೆತು ಅದನ್ನೇ ನೋಡಿದಳು. ಆಮೇಲೆ, "ಮೀನಿಲ್ದೇ ಇದ್ ಐಸು ಒಂದ್ಸಲ ನೋಡೂಕಾಗಿತ್ತು" ಎಂದಳು. ಬಂಗಾರ ಕೇಳದ, ಸೀರೆ ಕೇಳದ, ನನ್ನ ಅಪ್ಪ ಸತ್ತಾಗ ಯಾರಿಂದಲೂ ಸಮಾಧಾನವನ್ನು ಸಹ ಕೇಳದ ಹೆಂಗಸು ಇದೊಂದನ್ನು ಕೇಳಿದಳು. ಕೇಳಿದಳು ಅನ್ನುವುದೂ ತಪ್ಪು, ಟಿವಿಗೆ ಹೇಳಿದಳು.

ಡಾಕ್ಟರರು ಆಯಿಯ ಮಂಡಿ ಒತ್ತಿ ನೋಡಿ, "ಹೋಗಿ ಬನ್ನಿ, ಆದರೆ ಮಂಡಿ ಬೆಚ್ಚಗಿರಬೇಕು. ಥಂಡಿ ಹಿಡಿದರೆ ಅಲ್ಲಿಂದ ಎತ್ತಿಕೊಂಡೇ ಬರಬೇಕಾದೀತು" ಎಂದರು. ಮುಂದಿನ ಎಲ್ಲ ಅನಾಹುತಕ್ಕೂ ಈ ಒಂದು ಮಾತೇ ಮೂಲ.

ನನ್ನ ಹೆಂಡತಿ ಶಾಲೆಯಲ್ಲಿ ಮಾಸ್ತರಿಕೆ ಮಾಡುವವಳು. ಚೆಂಡಿಯಾ ಕಡೆಯ ನೌಕಾನೆಲೆಯಲ್ಲಿರುವ ಒಂದು ಪಂಜಾಬಿ ಮನೆಯ ಮಕ್ಕಳು ಅವಳ ಕ್ಲಾಸಿನಲ್ಲಿದ್ದರು. ಆ ಮನೆಯಾಕೆಗೆ ನಮ್ಮ ಕಷ್ಟ ಕೇಳಿ ನಗು ತಡೆಯಲಾಗಲಿಲ್ಲವಂತೆ. ನಕ್ಕು ಮುಗಿಸಿ ಒಂದು ಗೋಣಿಯಷ್ಟು ಉಣ್ಣೆ ಬಟ್ಟೆ ಕೊಟ್ಟು ಕಳಿಸಿದಳು. ಸ್ವೆಟರು, ಕೋಟು, ಮೂಗಿನವರೆಗೂ ಬರುವ ಟೊಪ್ಪಿ, ಕೈಗವಸು. ನಮ್ಮ ಅಂಗಳದ ಬಿಸಿಲಿನಲ್ಲಿ ಅವನ್ನೆಲ್ಲ ಹರವಿದಾಗ ನೋಡಿಯೇ ಬೆವರು ಬಂತು.

ಇವನ್ನು ತುಂಬಲು ದೊಡ್ಡ ಸೂಟ್‌ಕೇಸ್ ಬೇಕು. ಇತ್ತು. ಆದರೆ ಅದರಲ್ಲಿ ಒಣಶೆಟ್ಲಿ ಇತ್ತು. ನಮ್ಮಲ್ಲಿ ಮಳೆಗಾಲ ಬಂದರೆ ದೋಣಿ ದಡಕ್ಕೆ ಬೀಳುತ್ತದೆ, ಹಸಿ ಮೀನಿಗೆ ಕೊರತೆ. ಹಾಗಾಗಿ ಬೇಸಿಗೆಯಲ್ಲಿಯೇ ಸಣ್ಣ ಸಿಗಡಿಯನ್ನು ಒಣಗಿಸಿ ಇಟ್ಟುಕೊಳ್ಳುತ್ತೇವೆ. ಡಬ್ಬಿಯಲ್ಲಿಟ್ಟರೆ ಬೆಕ್ಕು ಮುಚ್ಚಳ ಬೀಳಿಸುತ್ತದೆ, ಚೀಲದಲ್ಲಿಟ್ಟರೆ ಇರುವೆ. ಬೆಕ್ಕಿಗೆ ಜಿಪ್ ಎಳೆಯಲು ಬರುವುದಿಲ್ಲ ಎಂಬುದನ್ನು ಆಯಿ ಎಂದೋ ಕಂಡುಹಿಡಿದಿದ್ದಳು. ಆ ಸೂಟ್‌ಕೇಸ್ ಕೊಂಡಂದಿನಿಂದ ಯಾವ ಊರನ್ನೂ ನೋಡಿರಲಿಲ್ಲ. ಅಟ್ಟದಲ್ಲಿ ಕೂತು ಮಳೆಗಾಲಗಳನ್ನಷ್ಟೇ ನೋಡಿತ್ತು.

ಶೆಟ್ಲಿಯನ್ನು ಖಾಲಿ ಮಾಡಿದೆವು. ವಾಸನೆ ಖಾಲಿಯಾಗಲಿಲ್ಲ. ಬಿಸಿಲಿಗಿಟ್ಟರೆ ಕಾಗೆಗಳು ಬಂದವು. ಕರ್ಪೂರ ಇಟ್ಟರೆ ದೇವಸ್ಥಾನದಲ್ಲಿ ಮೀನು ಮಾರಿದ ಹಾಗೆ ಆಯಿತು. ಹೆಂಡತಿ ತಲೆಯ ಮೇಲೆ ಕೈ ಹೊತ್ತು ಕೂತಳು. ಆಯಿ ಮಾತ್ರ ಒಳಗೆ ತಲೆ ಹಾಕಿ ಮೂಸಿ, "ಎಂತಾ ವಾಸ್ನೆನೂ ಇಲ್ಲ. ನಿಮ್ಗೆ ಮೂಗು ಜಾಸ್ತಿ" ಎಂದು ತೀರ್ಪು ಕೊಟ್ಟಳು. ಕೊನೆಗೆ ಎಲ್ಲ ಬಟ್ಟೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಟ್ಟಿ ತುಂಬಿದೆವು.

ಹಾಗೆ ತುಂಬುವಾಗಲೇ ಹೆಂಡತಿ ಆಯಿಗೆಂದು ತರಿಸಿದ್ದ ಎರಡು ಥರ್ಮಲ್‌ಗಳನ್ನು ಹೊರತೆಗೆದದ್ದು. ಕೆಂಗಂದು ಬಣ್ಣದ, ಮೈಗಂಟಿ ನಿಲ್ಲುವ, ಉಣ್ಣೆಯ ಒಳಪ್ಯಾಂಟುಗಳು.

"ಇದೆಂತದು?" ಎಂದಳು ಆಯಿ.

"ಥರ್ಮಲ್, ಆಯೀ. ಸೀರೆ ಒಳಗೆ ಹಾಕ್ಕಳೂದು. ನಿಮ್ಮ ಮಂಡಿಗೆ."

"ಇದು ಪ್ಯಾಂಟು."

"ಪ್ಯಾಂಟಲ್ಲ ಆಯೀ, ಥರ್ಮಲ್ಲು."

"ಎರಡು ಕಾಲು ಅದೆ ಅಂದ್ಮೇಲೆ ಪ್ಯಾಂಟೇ."

ವಾದದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ನಾನು ನಡುವೆ ಬಾಯಿ ಹಾಕಿ, ಸೀರೆಯ ಒಳಗಿರುವುದು ಯಾರಿಗೆ ಕಾಣುತ್ತದೆ, ಅಲ್ಲಿ ಕಾರವಾರದವರು ಯಾರಿರುತ್ತಾರೆ ಎಂದು ಕೇಳಿದೆ.

"ಹಿಮಾಲಯ ಅಂದ್ರೆ ದೇವ್ರೇ ಇರೂ ಜಾಗ" ಎಂದಳು ಆಯಿ. "ಇಷ್ಟ್ ವರ್ಷ ಪೇಟೆಲಿ ಕೂತ್ರೂ ಸೀರೆಲೇ ಕೂತೆ. ಈಗ ದೇವ್ರ ಎದ್ರಿಗೆ ಪ್ಯಾಂಟ್ ಹಾಕಂಡ್ ಹೋಗೂದಾ? ನಾ ಹಾಕೂದಿಲ್ಲ."

"ಸೀರೆಲಿ ಬಂದ್ರೆ ಮಂಡಿ ಹಿಡೀತದೆ, ಡಾಕ್ಟರ್ ಹೇಳಿದ್ದು ನೀ ಕೇಳಿದ್ಯಲ್ಲಾ?"

"ಮಂಡಿ ನಂದು."

ನನಗೆ ಸಿಟ್ಟು ಬೇಗ ಬರುತ್ತದೆ. ಅದು ಆಯಿಯಿಂದಲೇ ಬಂದದ್ದು, ಹಾಗಾಗಿ ಆಕೆಗೆ ಅದನ್ನು ಕಂಡರೆ ಹೆದರಿಕೆಯಿಲ್ಲ. "ಪ್ಯಾಂಟಿಲ್ಲಾ ಅಂದ್ರೆ ಮನಾಲಿನೂ ಇಲ್ಲ. ನಾವು ಹೋಗಿ ಬರೂತನಕ ನೀ ಮಾಮನ ಮನೇಲಿ ಇರು" ಎಂದುಬಿಟ್ಟೆ. ಆಯಿ ತಿರುಗಿ ಬಯ್ಯಲಿಲ್ಲ. ಎದ್ದು ಹೋಗಿ ಫ್ಯಾನ್ ಜೋರು ಮಾಡಿ ಅದರ ಕೆಳಗೆ ಕೂತಳು. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ನೋಡಿದರೆ ಸೂಟ್‌ಕೇಸಿನಲ್ಲಿ ಥರ್ಮಲ್‌ಗಳೇ ಇಲ್ಲ. ಎರಡೂ ಇಲ್ಲ. ತುಂಬಿದ್ದನ್ನೆಲ್ಲ ಹೊರಗೆ ಸುರಿದು, ಚೀಲ ಚೀಲ ಬಿಚ್ಚಿ, ಅಟ್ಟ ಹತ್ತಿ, ಬಾವಿಕಟ್ಟೆಯವರೆಗೂ ಹುಡುಕಿದೆವು. ಆಯಿ ಕೂತಲ್ಲಿಂದಲೇ, "ಬೆಕ್ಕು ಕಚ್ಕಂಡ್ ಹೋಯ್ತೇನೋ, ಶೆಟ್ಲಿ ವಾಸ್ನೆ ಇತ್ತಲ್ಲಾ" ಎಂದಳು. ವಾಸನೆಯೇ ಇಲ್ಲವೆಂದು ತೀರ್ಪು ಕೊಟ್ಟಿದ್ದವಳು ಇದೇ ಆಯಿ. ಆಕೆಯೇ ಎಲ್ಲೋ ಬಿಸಾಡಿದ್ದಾಳೆ, ಹಟಕ್ಕೆ ಬಿದ್ದಿದ್ದಾಳೆ ಎಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ. ಕಾಳಿ ನದಿ ಮನೆಯಿಂದ ಕೂಗಳತೆಯಲ್ಲಿದೆ. ಎರಡು ಪ್ಯಾಂಟು ಆಗಲೇ ಸಮುದ್ರ ಸೇರಿರಬಹುದೆಂದು ಲೆಕ್ಕ ಹಾಕಿದೆ.

ಅದೇ ದಿನಗಳಲ್ಲಿ ಆಯಿಯ ಆರೋಗ್ಯ ಕೆಡತೊಡಗಿತು. ಸೆಕೆ ನಮ್ಮೆಲ್ಲರಿಗೂ ಇತ್ತು, ಆದರೆ ಆಯಿಗೆ ಅದು ಬೇರೆಯೇ ರೀತಿ ಹತ್ತಿಕೊಂಡ ಹಾಗಿತ್ತು. ಬೆಳಿಗ್ಗೆ ಎದ್ದರೆ ಫ್ಯಾನಿನ ಕೆಳಗೆ, ಮಧ್ಯಾಹ್ನ ಬಾವಿಕಟ್ಟೆಯ ನೆರಳಿನಲ್ಲಿ, ಸಂಜೆ ಮತ್ತೆ ಸ್ನಾನ. ಮುಖ ಕೆಂಪಗೆ. ಕೂತವಳು ಸರ್ರನೆ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬೆವರುಸಾಲೆಯ ಪೌಡರ್ ಡಬ್ಬಿ ತಂದ ತಂದ ಹಾಗೆ ಮುಗಿಯುತ್ತಿತ್ತು. ನಡಿಗೆಯೂ ವಿಚಿತ್ರವಾಯಿತು, ಎರಡು ಕಾಲಿನ ನಡುವೆ ಏನೋ ಸಿಕ್ಕಿಕೊಂಡಿದೆ ಎಂಬಂತೆ ಅಗಲಿಸಿ ನಡೆಯುವುದು. ಏನಾಗಿದೆ ಎಂದು ಕೇಳಿದರೆ "ಎಂತದೂ ಆಗ್ಲಿಲ್ಲ" ಎಂದು ಗದರುತ್ತಿದ್ದಳು.

"ಅವ್ರು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ" ಎಂದಳು ಹೆಂಡತಿ. ನನಗೂ ಹೆದರಿಕೆಯಾಯಿತು. ಇಂಥ ಸ್ಥಿತಿಯಲ್ಲಿ ಆಕೆಯನ್ನು ಹಿಮದಲ್ಲಿ ಎಳೆದಾಡಿಸುವುದು ಹೇಗೆ? ಸಿಟ್ಟಿನಲ್ಲಿ ಆಡಿದ ಮಾತನ್ನು ಈಗ ಕಾಳಜಿಯಿಂದ ಆಡತೊಡಗಿದೆ. ಆಯಿ ಮಾಮನ ಮನೆಯಲ್ಲಿ ಇರುವುದೇ ಒಳ್ಳೆಯದು, ನಾವು ವಿಡಿಯೋ ಕಾಲಿನಲ್ಲಿ ಹಿಮ ತೋರಿಸೋಣ ಎಂದೆ. ಅದನ್ನು ಆಯಿ ಕೇಳಿಸಿಕೊಂಡಳು. ಆ ರಾತ್ರಿ ಊಟಕ್ಕೆ ಬಂಗಡೆ ಮೀನಿದ್ದರೂ ಅರ್ಧಕ್ಕೇ ಎದ್ದಳು.

ಆಗ ಮಾಮ ಬಂದ. ಆಯಿಯ ತಮ್ಮ, ಅಂಕೋಲೆಯ ಕಡೆ ಒಂದು ಐಸ್ ಪ್ಲಾಂಟಿನಲ್ಲಿ ಮಷಿನ್ ನೋಡಿಕೊಳ್ಳುವವನು. ದೋಣಿಗಳಿಗೆ ಐಸ್ ಗಡ್ಡೆ ಪೂರೈಸುವ ಕಾರ್ಖಾನೆ ಅದು. ಥಂಡಿಯ ವಿಷಯದಲ್ಲಿ ಇಡೀ ಜಿಲ್ಲೆಯಲ್ಲಿ ತನ್ನ ಮಾತೇ ಕೊನೆಯದೆಂದು ಅವನ ನಂಬಿಕೆ. ಎರಡೂ ಕಡೆಯ ವಾದ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ: "ಇದಕ್ಕೆಂತಾ ಜಗಳ? ನಮ್ಮ ಐಸ್ ರೂಮಿಗೆ ಬನ್ನಿ. ಎಲ್ರೂ ಮನಾಲಿ ಡ್ರೆಸ್ಸೇ ಹಾಕಂಡ್ ನಿಲ್ಲಿ. ಅಕ್ಕ ಸೀರೆಲೇ ನಿಲ್ಲಲಿ. ನಾ ಒಂದು ಚಾ ಕುಡ್ದು ಬರೂತನಕ ಅಕ್ಕ ನಿಂತ್ರೆ, ಮನಾಲಿಗೂ ನಿಲ್ತಾಳೆ. ಮೊದ್ಲು ಹೊರಗ್ ಬಂದ್ರೆ ನಮ್ಮನೇಲಿ ಇರ್ತಾಳೆ. ನೀನೇ ಮೊದ್ಲು ಬಂದ್ರೆ ಪ್ಯಾಂಟಿನ ಸುದ್ದಿ ಎತ್ತೂ ಹಾಗಿಲ್ಲ."

ಬುದ್ಧಿಯಿರುವ ಯಾವ ಮನುಷ್ಯನೂ ಇದಕ್ಕೆ ಒಪ್ಪುವುದಿಲ್ಲ. ನಾನು ಒಪ್ಪಿದೆ. ಆಯಿ ನನಗಿಂತ ಮೊದಲೇ ಒಪ್ಪಿದ್ದಳು.

ಮರುದಿನ ಬೆಳಿಗ್ಗೆ ನಾವು ಸೂಟ್‌ಕೇಸ್ ಎಳೆದುಕೊಂಡು ಮನೆಯಿಂದ ಹೊರಟದ್ದೇ ತಡ, ಪಕ್ಕದ ಮನೆಯ ಅಜ್ಜ ಹೊರಗೆ ಓಡಿ ಬಂದ. ಮನಾಲಿಗೆ ಹೊರಟೆವೆಂದೇ ತಿಳಿದು ತೆಂಗಿನಕಾಯಿ ಒಡೆದು, ಆಯಿಯ ಕೈಗೆ ಹೂ ಕೊಟ್ಟು, "ಅಲ್ಲಿ ಹುಷಾರು, ಕಾಲು ಜಾರ್ತದೆ" ಎಂದ. ಅಂಕೋಲೆಗೆ ಹೋಗುತ್ತಿದ್ದೇವೆ ಎಂದು ಹೇಳಲು ನಮ್ಮಲ್ಲಿ ಯಾರಿಗೂ ಧೈರ್ಯ ಬರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಸೂಟ್‌ಕೇಸಿನ ಹತ್ತಿರ ಮೂಗು ಹಿಡಿದು, ಇದನ್ನು ಮೀನಿನ ಲಗೇಜ್ ಎಂದು ಬರೆಯಲೋ ಎಂದು ಕೇಳಿದ. ಹೆಂಡತಿ ಕಿಟಕಿಯ ಹೊರಗೆ ಸಮುದ್ರ ನೋಡತೊಡಗಿದಳು, ಜೀವನದಲ್ಲಿ ಮೊದಲ ಸಲ ನೋಡುತ್ತಿರುವ ಹಾಗೆ.

ಐಸ್ ಪ್ಲಾಂಟಿನ ಅಂಗಳದಲ್ಲಿ ಬಿಸಿಲು ಸುರಿಯುತ್ತಿತ್ತು. ಬಟ್ಟೆಯನ್ನು ಒಳಗೆ ಹೋಗಿ ಹಾಕಿಕೊಳ್ಳುತ್ತೇನೆಂದರೆ ಮಾಮ ಬಿಡಲಿಲ್ಲ. "ಮನಾಲಿಲಿ ಹಿಮದ ಮಧ್ಯೆ ನಿಂತು ಅಂಗಿ ಬದಲಾಯಿಸ್ತ್ಯಾ?" ಎಂದ. ಹಾಗಾಗಿ ಅಂಗಳದಲ್ಲಿಯೇ ಎರಡು ಸ್ವೆಟರು, ಅದರ ಮೇಲೆ ಕೋಟು, ಟೊಪ್ಪಿ, ಕೈಗವಸು ಏರಿಸಿದೆ. ಮಾಮನಿಗೆ ಯಾರದೋ ಫೋನ್ ಬಂತು. ಅವನು ಬಂಗಡೆಯ ದರ ಮಾತಾಡಿ ಮುಗಿಸುವವರೆಗೆ ನಾನು ಒಳಗಿನಿಂದ ಪೂರ್ತಿ ತೊಯ್ದು ಹೋಗಿದ್ದೆ. ಲುಂಗಿ ಮೇಲೆತ್ತಿ ಕಟ್ಟಿ, ಬರಿಮೈಯಲ್ಲಿ ಗಡ್ಡೆ ಎಳೆಯುತ್ತಿದ್ದ ಕೆಲಸದವರು ನಮ್ಮನ್ನು ಕಂಡು ಕೊಕ್ಕೆ ಕೆಳಗಿಟ್ಟು ನಿಂತರು. ಅವರಲ್ಲೊಬ್ಬ ಬಹಳ ಮರ್ಯಾದೆಯಿಂದ, "ಶೂಟಿಂಗಾ?" ಎಂದು ಕೇಳಿದ.

ಐಸ್ ರೂಮೆಂದರೆ ದಪ್ಪ ಬಾಗಿಲಿನ, ಕಿಟಕಿಯಿಲ್ಲದ ಕೋಣೆ. ಒಳಗೆ ಗಡ್ಡೆಗಳನ್ನು ಮಾಡಿನವರೆಗೂ ಪೇರಿಸಿದ್ದರು. ಒಂದೇ ಒಂದು ಬಲ್ಬು, ಅದರ ಸುತ್ತ ಹೊಗೆಯಂತಹ ಹಬೆ.

"ನೋಡಕ್ಕಾ" ಎಂದ ಮಾಮ, "ಇದೂ ಮೀನಿಲ್ದೇ ಇದ್ ಐಸೇ. ಮನಾಲಿಗೆ ಯಾಕೆ ಹೋಗೂದು?"

ಆಯಿ ಗಡ್ಡೆಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಇದು ಮೀನಿಗೆ ಕಾಯ್ತಾ ಇರೂ ಐಸು" ಎಂದಳು.

ಮಾಮ ಚಾ ಕುಡಿಯಲು ಹೋದ. ಬಾಗಿಲು ಮುಚ್ಚಿಕೊಂಡಿತು. ಅದಕ್ಕೆ ಚಿಲಕವಿರಲಿಲ್ಲ, ಭುಜ ಕೊಟ್ಟು ತಳ್ಳಿದರೆ ಸಾಕಿತ್ತು. ಹೆಂಡತಿ ಸ್ವಲ್ಪ ಹೊತ್ತಿನಲ್ಲಿಯೇ "ನಂಗೆ ಮಾನ ಮರ್ಯಾದೆ ಎರಡೂ ಬೇಡ" ಎಂದು ಬಾಗಿಲು ತಳ್ಳಿ ಹೊರಗೆ ಹೋದಳು. ಅವಳದು ಲೆಕ್ಕಕ್ಕಿರಲಿಲ್ಲ. ಒಳಗೆ ಉಳಿದದ್ದು ನಾನು ಮತ್ತು ಆಯಿ.

ಬೆವರಿನ ಮಹಿಮೆ ನನಗೆ ಆಗ ಗೊತ್ತಾಯಿತು. ಹೊರಗೆ ಸುರಿದ ಅಷ್ಟೂ ಬೆವರು ಒಳಗಿನ ಬನಿಯನ್ನಿನಲ್ಲಿ ತಣ್ಣಗಾಯಿತು, ಮತ್ತೂ ತಣ್ಣಗಾಯಿತು, ಬೆನ್ನಿಗೆ ಅಂಟಿಕೊಂಡು ಕೂತಿತು. ಪಂಜಾಬಿನ ಇಡೀ ಉಣ್ಣೆ ಮೈಮೇಲಿದ್ದರೂ ಉಪಯೋಗವಿಲ್ಲ. ಮೊದಲು ಮೊಣಕಾಲು ನಡುಗಿತು, ಆಮೇಲೆ ಹೊಟ್ಟೆ, ಆಮೇಲೆ ದವಡೆ. ಸ್ವೆಟರ್ ಎಂಬುದೇ ದೊಡ್ಡ ಮೋಸ, ಸೂಟ್‌ಕೇಸಿಗೆ ಎಲ್ಲವನ್ನೂ ಇಮ್ಮಡಿ ತುಂಬಬೇಕು ಎಂದು ಆ ಸ್ಥಿತಿಯಲ್ಲಿಯೂ ಯೋಚಿಸಿದೆ. ಬೆವರಿನದು ತಪ್ಪು, ಸ್ವೆಟರಿನದಲ್ಲ ಎಂದು ಹೊಳೆಯಲಿಲ್ಲ. ಆ ಚಳಿಯಲ್ಲಿ ಬುದ್ಧಿಗೂ ಕೆಲಸ ನಿಂತಿತ್ತು.

ಎದುರಿಗೆ ಆಯಿ ನಿಂತಿದ್ದಳು. ಹತ್ತಿ ಸೀರೆ, ಮೇಲೊಂದು ಸ್ವೆಟರು, ಕೈಯಲ್ಲಿ ಅಜ್ಜ ಕೊಟ್ಟ ಹೂ. ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನೆಮ್ಮದಿ ಕಾಣುತ್ತಿತ್ತು. ಆಕೆ ನಿಟ್ಟುಸಿರು ಬಿಟ್ಟಳು, ಊಟ ಮಾಡಿ ಎದ್ದವರು ಬಿಡುವಂತಹ ತೃಪ್ತಿಯ ಉಸಿರು.

"ಹೊರಗ್ ಹೋಗೂದಾದ್ರೆ ಹೋಗು" ಎಂದಳು.

"ನೀ ಹೋಗು" ಎಂದೆ. ಹಲ್ಲುಗಳ ನಡುವಿನಿಂದ ಮಾತು ತುಂಡು ತುಂಡಾಗಿ ಬಂತು.

"ನಂಗೆ ಆರಾಮದೆ."

ಮಾಮನ ಚಾ ಮುಗಿಯುವ ಲಕ್ಷಣವಿರಲಿಲ್ಲ. ಬಾಗಿಲಿನ ಆಚೆ ಅವನ ನಗು ಕೇಳುತ್ತಿತ್ತು, ಯಾರಿಗೋ ನಮ್ಮ ಕತೆಯನ್ನೇ ಹೇಳುತ್ತಿದ್ದ. ನಾನು ಸೋಲುವವನಿದ್ದೆ. ನಿಜ ಹೇಳುತ್ತೇನೆ, ಬಾಗಿಲಿನ ಕಡೆ ಒಂದು ಹೆಜ್ಜೆ ಇಟ್ಟಿದ್ದೆ. ಆ ಹೆಜ್ಜೆ ನೆಲದ ನೀರಿನಲ್ಲಿ ಜಾರಿತು. ಆಯಿ ಹೂ ಬಿಸಾಡಿ ಎರಡು ದಾಪುಗಾಲಿನಲ್ಲಿ ಬಂದು ನನ್ನ ತೋಳು ಹಿಡಿದಳು. ದಾಪುಗಾಲು ಹಾಕುವಾಗ ತೊಡರದಿರಲೆಂದು ಸೀರೆಯನ್ನು ಎತ್ತಿ ಹಿಡಿದಿದ್ದಳು.

ಕೆಳಗೆ ಕೆಂಗಂದು ಬಣ್ಣ ಕಂಡಿತು.

ನಾನು ಅದನ್ನೇ ನೋಡಿದೆ. ಆಯಿಯೂ ಕೆಳಗೆ ನೋಡಿಕೊಂಡಳು. ಸೀರೆ ಬಿಡಲು ಹೋಗಿ, ಇನ್ನು ಬಿಟ್ಟು ಪ್ರಯೋಜನವಿಲ್ಲವೆಂದು ಸುಮ್ಮನಾದಳು.

"ಒಂದಾ?" ಎಂದೆ.

"ಎರಡೂ. ಒಂದ್ರ ಮೇಲೊಂದು."

"ಯಾವಾಗಿಂದ?"

"ನೀ ಬಯ್ದ ಮರುದಿನದಿಂದ" ಎಂದಳು. ಆಮೇಲೆ ನನ್ನ ಮುಖ ನೋಡದೆ, ಗಡ್ಡೆಗಳಿಗೆ ಹೇಳುವ ಹಾಗೆ ಹೇಳಿದಳು: "ಹುಟ್ಟಿದಾರಭ್ಯ ಹಾಕಿದವ್ಳಲ್ಲ ನಾನು. ಅಲ್ಲಿ ಹೋಗಿ ಒಮ್ಮೆಲೇ ಹಾಕಂಡ್ರೆ ನಡೂಕೆ ಬರೂದಿಲ್ಲ. ಬಿದ್ರೆ ನಿಮ್ಗೆಲ್ಲಾ ತ್ರಾಸು. ಅದ್ಕೇ ಇಲ್ಲೇ ರೂಢಿ ಮಾಡ್ಕಂಡೆ. ಮೊದ್ಲು ಒಂದು, ಆಮೇಲೆ ಎರಡು. ಈಗ ಮೆಟ್ಲೂ ಹತ್ತೂಕ್ ಬರ್ತದೆ."

ಮೇ ತಿಂಗಳ ಕಾರವಾರದಲ್ಲಿ! ಬಾವಿಕಟ್ಟೆಯ ಕಲ್ಲು ಕೂಡ ಬೆವರುವ ದಿನಗಳಲ್ಲಿ, ಉಣ್ಣೆಯ ಪ್ಯಾಂಟಿನ ಮೇಲೆ ಉಣ್ಣೆಯ ಪ್ಯಾಂಟು, ಅದರ ಮೇಲೆ ಲಂಗ, ಅದರ ಮೇಲೆ ಸೀರೆ. ಆ ಪೌಡರು, ಆ ಸ್ನಾನ, ಆ ಅಗಲ ನಡಿಗೆ, ಅರ್ಧಕ್ಕೇ ಬಿಟ್ಟೆದ್ದ ಬಂಗಡೆ. ನಾನು ಅದನ್ನು ಹಟ ಅಂದುಕೊಂಡೆ, ಕಾಯಿಲೆ ಅಂದುಕೊಂಡೆ. ಆಕೆ ಒಬ್ಬಳೇ ಕೋಣೆಯ ಬಾಗಿಲು ಹಾಕಿಕೊಂಡು ಮನಾಲಿಯಲ್ಲಿ ನಡೆಯುವುದನ್ನು ಕಲಿಯುತ್ತಿದ್ದಳು. ನಗು ಬರಬೇಕಿತ್ತು. ಬಂದದ್ದು ಅಳು, ಅದೂ ಆ ಚಳಿಯಲ್ಲಿ ಕಣ್ಣಿನಿಂದ ಕೆಳಗೆ ಇಳಿಯಲು ಹಿಂದೆ ಮುಂದೆ ನೋಡಿತು.

"ಹಾಕಂಡಿದ್ದೆ ಅಂತ ಹೇಳೂಕೆ ಎಂತಾ ಆಗಿತ್ತು ನಿಂಗೆ?" ಎಂದೆ.

"ಹಾಕೂದಿಲ್ಲ ಅಂದಿದ್ನಲ್ಲಾ" ಎಂದಳು ಆಯಿ. ಅದಕ್ಕಿಂತ ದೊಡ್ಡ ಕಾರಣ ಬೇಕೆಂದು ಆಕೆಗೆ ಅನ್ನಿಸಲಿಲ್ಲ.

ಆಯಿ ನನ್ನ ಟೊಪ್ಪಿಯನ್ನು ಕಿವಿಯ ಮೇಲೆ ಸರಿಯಾಗಿ ಎಳೆದಳು, ಕೋಟಿನ ಗುಂಡಿ ಹಾಕಿದಳು. ಪೇಟೆಯಲ್ಲಿ ಯಾರ ಎದುರಿಗೂ ದನಿ ತಗ್ಗಿಸದ ಆಯಿ, ನನ್ನ ಮದುವೆಯ ದಿನವನ್ನೂ ನನ್ನನ್ನು ಕೇಳದೆ ಗೊತ್ತು ಮಾಡಿದ ಆಯಿ, ಗುಂಡಿಯನ್ನೇ ನೋಡುತ್ತ ಸಣ್ಣ ದನಿಯಲ್ಲಿ ಕೇಳಿದಳು:

"ಹಂಗಾರೆ ನಾನೂ ಬರೂದೇ ಅಲ್ವಾ?"

ನಾನು ತಲೆ ಆಡಿಸಿದೆ. ಜೋರಾಗಿ ಆಡಿಸಿದೆ. ಆದರೆ ತಲೆ ಅದಾಗಲೇ ಬಹಳ ಹೊತ್ತಿನಿಂದ ಆಡುತ್ತಲೇ ಇತ್ತು. ಆಯಿ ಅನುಮಾನದಿಂದ ನೋಡಿದಳು.

"ಹೌದು ಅಂತ್ಯೋ, ನಡುಗ್ತ್ಯೋ? ಬಾಯ್ ಬಿಟ್ ಹೇಳು."

ಬಾಯಿ ಬಿಟ್ಟೆ. ಹಲ್ಲುಗಳ ಕಟಕಟ ಬಿಟ್ಟರೆ ಬೇರೇನೂ ಹೊರಡಲಿಲ್ಲ. ಆಯಿ ಎರಡೂ ಕೈಯಿಂದ ನನ್ನ ದವಡೆಯನ್ನು ಒತ್ತಿ ಹಿಡಿದು ನಿಲ್ಲಿಸಿದಳು, ಮಾತು ಬರುವ ತನಕ ಬಿಡಲಿಲ್ಲ.